ಉಪ್ಪುನೀರು ಎಂದರೆ ಯಾವ ನೀರು?

ಒಂದೇ ಒಂದು ಶಬ್ದಕ್ಕೆ ನಾನು ತೆತ್ತ ಬೆಲೆ ಹನ್ನೊಂದು ಸಾವಿರದ ಏಳುನೂರು ಡಾಲರು. ಚೌಕಾಸಿ ಮಾಡಿ ಮಾಡಿಯೇ ಬದುಕು ಕಟ್ಟಿಕೊಂಡವನು ನಾನು. ಕೊತ್ತಂಬರಿ ಸೊಪ್ಪಿನ ಕಟ್ಟಿಗೂ ಅಂಗಡಿಯವನು ಹೇಳಿದ ಬೆಲೆ ಕೊಟ್ಟವನಲ್ಲ. ಅಂಥವನು ಇಷ್ಟು ಹಣ ಯಾಕೆ ಸುರಿದೆ ಎಂದರೆ, ‘ಉಪ್ಪುನೀರು’ ಎಂಬ ಮಾತು ನನಗೆ ಚೆನ್ನಾಗಿ ಗೊತ್ತಿದೆ ಎಂದುಕೊಂಡಿದ್ದೆ. ಗೊತ್ತಿಲ್ಲದ ಮಾತಾಗಿದ್ದರೆ ಇನ್ನೊಮ್ಮೆ ಕೇಳುತ್ತಿದ್ದೆ, ಹಣ ಉಳಿಯುತ್ತಿತ್ತು.

ಇಸವಿ ಎರಡು ಸಾವಿರದ ಮಾತಿದು. ನಮ್ಮ ಮನೆ ಕ್ಯಾಲಿಫೋರ್ನಿಯದ ಡಬ್ಲಿನ್‌ನಲ್ಲಿ, ನನ್ನ ಗೋಡೌನು ಸೇತುವೆಯಾಚೆ, ಬೇ ಎಂಬ ಕಡಲಕೊಲ್ಲಿಯ ದಂಡೆಯಲ್ಲಿ, ಫ್ರೀವೇಗೆ ಅಂಟಿಕೊಂಡಂತೆ. ಅಕ್ಕಪಕ್ಕದ ಮನೆಗಳಲ್ಲಿ ಸ್ಟಾಕು, ಆಪ್ಷನ್ನು, ಐಪಿಒ ಬಿಟ್ಟರೆ ಬೇರೆ ಮಾತಿಲ್ಲ. ನಾನು ಇಂಜಿನಿಯರನಲ್ಲ, ಡಿಪ್ಲೊಮಾ ಮಾಡಿದ ಫಿಟ್ಟರು. ಚಿಪ್ ಫ್ಯಾಕ್ಟರಿಯೊಂದರ ಮೆಂಟೇನೆನ್ಸಿನಲ್ಲಿ ಏಳು ವರ್ಷ ಪೈಪು ಬಿಗಿದಿದ್ದೆ. ಚಿಪ್ ತೊಳೆಯುವ ನೀರು ಕುಡಿಯುವ ನೀರಿಗಿಂತ ಎಷ್ಟೋ ಪಾಲು ಶುದ್ಧವಾಗಿರಬೇಕು. ಹಾಗಾಗಿ ಆ ಫ್ಯಾಕ್ಟರಿಗಳು ಹೊಸ ಹೊಸ ಯಂತ್ರ ತರಿಸುವುದು, ಇನ್ನೂ ಗಟ್ಟಿಮುಟ್ಟಾಗಿರುವ ಹಳೆಯದನ್ನು ಹೊರಗಿಡುವುದು ನಡೆದೇ ಇತ್ತು. ಹೊರಗಿಟ್ಟದ್ದನ್ನು ಕೊಂಡು ಬೇಕಾದವರಿಗೆ ಮಾರುವುದು ನನ್ನ ವ್ಯಾಪಾರ. ಪಂಪು, ವಾಲ್ವು, ಟ್ಯಾಂಕು, ಮೆಂಬ್ರೇನು.

ಮೆಂಬ್ರೇನು ಎಂದರೆ ನೀರಿನಿಂದ ಉಪ್ಪು ಬೇರ್ಪಡಿಸುವ ತೆಳು ಹಾಳೆ. ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ, ಸೊಂಟದೆತ್ತರದ ಬಿಳಿ ಕೊಳವೆಯಾಗಿ ಮಾಡಿರುತ್ತಾರೆ. ಒಂದು ಕಡೆಯಿಂದ ನೀರನ್ನು ಒತ್ತಿದರೆ ಒಳಗಿನ ನಳಿಗೆಯಲ್ಲಿ ಸಿಹಿನೀರು ಬರುತ್ತದೆ. ಇಷ್ಟು ತಿಳಿದರೆ ಸಾಕು.

ನನ್ನ ಹೆಂಡತಿ ಉಡುಪಿ ಕಡೆಯವಳು. ಅವಳ ಅಣ್ಣ, ನಾನು ಭಾವ ಎನ್ನುತ್ತಿದ್ದವರು, ನನ್ನನ್ನೂ ಭಾವ ಎಂದೇ ಕರೆಯುತ್ತಿದ್ದವರು, ಗಲ್ಫಿನ ಒಂದು ದೇಶದಲ್ಲಿ ಬಹಳ ವರ್ಷದಿಂದ ಸೂಪರ್‌ವೈಸರ್ ಆಗಿದ್ದರು. ಆ ದೇಶ ಆಗ ಕಡಲ ದಂಡೆಯುದ್ದಕ್ಕೂ ದೊಡ್ಡ ದೊಡ್ಡ ಸ್ಥಾವರಗಳನ್ನು ಕಟ್ಟಿ, ಸಮುದ್ರದ ನೀರನ್ನು ಸಿಹಿ ಮಾಡಿ, ಮರಳುಗಾಡಿನ ಆಚೆಯ ಊರುಗಳಿಗೆ ಪೈಪು ಎಳೆಯುತ್ತಿತ್ತು. ಫೋನು ಮಾಡಿದಾಗಲೆಲ್ಲ ಭಾವ ಪೈಪು ಎಲ್ಲಿವರೆಗೆ ಬಂತು ಎಂದು ಹೇಳದೆ ಇಡುತ್ತಿರಲಿಲ್ಲ. ಅವರ ಕಂಪನಿ ಆ ಪೈಪು ಹಾಕುವ ಸಣ್ಣ ಗುತ್ತಿಗೆದಾರರದು. ಕೆಲಸಗಾರರ ಕ್ಯಾಂಪು, ಸುಮಾರು ಇನ್ನೂರು ಜನ, ಪೈಪು ಇನ್ನೂ ಮುಟ್ಟದ ಕಡೆ, ಕಡಲಿನ ಪಕ್ಕವಂತೆ, ಅದು ನನಗೆ ತಿಳಿದದ್ದು ಆಮೇಲೆ. ಇಡೀ ದೇಶಕ್ಕೆ ನೀರು ಒಯ್ಯುವ ಪೈಪು ಹೂಳುತ್ತಿದ್ದವರಿಗೆ ಕುಡಿಯಲು ಟ್ಯಾಂಕರ್ ನೀರು!

ಫೆಬ್ರವರಿಯ ಒಂದು ಬೆಳಿಗ್ಗೆ, ನಾನು ಕಾಫಿ ಲೋಟ ಹಿಡಿದು ಹೊರಡುತ್ತಿದ್ದಾಗ ಅವರ ಫೋನು ಬಂತು.

“ಭಾವ, ನಿಮ್ಮಲ್ಲಿ ಮೆಂಬ್ರೇನ್ ಸಿಗ್ತದಾ? ಎಂಟಿಂಚಿನದ್ದು, ಹನ್ನೆರಡು. ಕ್ಯಾಂಪಿಗೆ ಒಂದು ಹಳೆ ಪ್ಲಾಂಟ್ ತಂದು ಹಾಕಿದ್ದಾರೆ. ಪಂಪೆಲ್ಲ ಸರಿ ಉಂಟು, ಮೆಂಬ್ರೇನ್ ಮಾತ್ರ ಸತ್ತು ಹೋಗಿದೆ.”

“ಯಾವ ನೀರಿಗೆ ಭಾವ?”

“ಎಂತ ಕೇಳುದು ಮಾರಾಯ್ರೆ, ಉಪ್ಪುನೀರಿಗೆ.”

“ಅಷ್ಟೇ ತಾನೆ! ಉಪ್ಪುನೀರಿಗಾದ್ರೆ ಚಿಂತೆ ಬಿಡಿ. ಅರ್ಧ ರೇಟಿಗೆ ಕೊಡಿಸ್ತೀನಿ.”

“ಏಪ್ರಿಲ್ ಮುಗಿಯುದರೊಳಗೆ ನೀರು ಬರ್ಬೇಕು. ಆಮೇಲೆ ಟ್ಯಾಂಕರ್ ಇಲ್ಲ, ಕಾಂಟ್ರಾಕ್ಟ್ ಮುಗೀತದೆ. ನನ್ನ ಭಾವ ಅಮೆರಿಕದಿಂದ ತರಿಸ್ತಾರೆ ಅಂತ ಮ್ಯಾನೇಜರ್ ಹತ್ರ ಹೇಳಿ ಆಗಿದೆ. ನೀರು ಬರದಿದ್ರೆ ನನ್ನ ವೀಸಾ ಕ್ಯಾನ್ಸಲ್, ಸೀದಾ ಊರಿಗೆ.”

ನಾನು ಹುಟ್ಟಿ ಬೆಳೆದದ್ದು ಬೆಂಗಳೂರು. ಅಲ್ಲಿ ನಮ್ಮ ಮನೆಗೆ ಎರಡು ನಲ್ಲಿ. ಕಾವೇರಿಯದು ಸಿಹಿನೀರಿನ ನಲ್ಲಿ, ಬೋರ್‌ವೆಲ್ಲಿನದು ಉಪ್ಪುನೀರಿನ ನಲ್ಲಿ. ಬೇಳೆ ಬೇಯದ, ಸೋಪು ನೊರೆ ಬರದ, ಬಕೆಟ್ಟಿಗೆ ಬಿಳಿ ಪೊರೆ ಹಿಡಿಸುವ ಗಡುಸು ನೀರು ನನಗೆ ಉಪ್ಪುನೀರು. ಅಮ್ಮ ‘ಉಪ್ಪುನೀರು ಬಂತು, ಪಾತ್ರೆ ತೊಳೀರೋ’ ಎಂದರೆ ಯಾರೂ ಕಡಲು ಮನೆಗೆ ಬಂತೆಂದು ಓಡುತ್ತಿರಲಿಲ್ಲ. ಭಾವ ಹೇಳಿದ್ದನ್ನು ನಾನು ಆ ನಲ್ಲಿಯಿಂದ ಕೇಳಿಸಿಕೊಂಡೆ.

ಚಿಪ್ ಫ್ಯಾಕ್ಟರಿಯವರು ಬಳಸುವುದೂ ಅಂಥದೇ ಕಡಿಮೆ ಉಪ್ಪಿನ ನೀರಿನ ಮೆಂಬ್ರೇನು. ಅಂಥ ಒಂದು ಫ್ಯಾಕ್ಟರಿಯಲ್ಲಿ ಹನ್ನೆರಡು ಪೆಟ್ಟಿಗೆ, ಸೀಲು ಒಡೆಯದೆ ಬಿದ್ದಿದ್ದವು. ಅಲ್ಲಿನ ಮುದುಕ ಆಪರೇಟರು ಒಂದನ್ನು ಇನ್ನೂರೈವತ್ತು ಡಾಲರಿಗಿಂತ ಕಡಿಮೆಗೆ ಕೊಡುವುದಿಲ್ಲ ಎಂದ. ನಾನು ಪೆಟ್ಟಿಗೆಯ ಮೇಲಿನ ಧೂಳಿನಲ್ಲಿ ಬೆರಳಿಂದ ನೂರು ಎಂದು ಬರೆದು ತೋರಿಸಿದೆ. ನೂರೈವತ್ತಕ್ಕೆ ಇಳಿದ. ಇದು ಉಪ್ಪು ತೆಗೆಯುತ್ತದೆ ತಾನೆ ಎಂದು ಕೇಳಿದ್ದಕ್ಕೆ, ಅದಕ್ಕಲ್ಲದೆ ಮತ್ತೇನಕ್ಕೆ, ಕಾಫಿ ಸೋಸಲಿಕ್ಕಾ ಎಂದು ನಕ್ಕ. ಇಬ್ಬರೂ ಸುಳ್ಳಾಡಲಿಲ್ಲ. ಎಷ್ಟು ಉಪ್ಪು ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ವಿಮಾನಕ್ಕೆ ಹಾಕಿಸಿ, ಎಷ್ಟು ಉಳಿಸಿದೆ ಗೊತ್ತಾ ಎಂದು ಹೆಂಡತಿಯ ಮುಂದೆ ಕೊಚ್ಚಿಕೊಂಡೆ.

ಮಾರ್ಚ್ ಕೊನೆಯಲ್ಲಿ ಭಾವನ ಫೋನು. ದನಿಯಲ್ಲಿ ಮಾರಾಯ್ರೆ ಇರಲಿಲ್ಲ.

“ನೀರು ಬರ್ತದೆ, ಆದರೆ ಬಾಯಿಗೆ ಹಾಕ್ಲಿಕ್ಕಾಗುದಿಲ್ಲ. ಪ್ರೆಶರ್ ಏರಿಸಿದ್ವು. ನಾಲ್ಕು ಮೆಂಬ್ರೇನ್ ಒಳಗೇ ಹರಿದು ಹೋಯ್ತು. ಎಂತದು ಕಳಿಸಿದ್ದು ನೀವು?”

“ಬೋರಿನ ನೀರಲ್ಲಿ ಅಷ್ಟೊಂದು ಉಪ್ಪಿದೆಯಾ?”

“ಎಂತ ಬೋರು? ಕಡಲಿಗೆ ಪೈಪ್ ಹಾಕಿದ್ದೇವೆ.”

“ನೀವು ಉಪ್ಪುನೀರು ಅಂದ್ರಲ್ಲ!”

“ಮತ್ತೆಂತ ಹೇಳ್ಬೇಕಿತ್ತು? ಕಡಲಿನ ನೀರು ಸಿಹಿ ಉಂಟಾ?”

ಅವರ ಊರಿನಲ್ಲಿ ಉಪ್ಪುನೀರು ಎಂದರೆ ಸಮುದ್ರ. ಹಿತ್ತಲಿನ ಹೊಳೆಗೆ ಉಬ್ಬರದಲ್ಲಿ ನುಗ್ಗಿ ಗದ್ದೆ ಸುಡುವ ನೀರು. ಮದುವೆಯಾಗಿ ಹದಿನೆಂಟು ವರ್ಷವಾಗಿತ್ತು, ನನಗೆ ಇದು ಗೊತ್ತಿರಲಿಲ್ಲ. ಹೆಂಡತಿ ಚಪಾತಿ ಲಟ್ಟಿಸುತ್ತಿದ್ದವಳು ಲಟ್ಟಣಿಗೆ ಕೆಳಗಿಟ್ಟಳು.

“ಅಲ್ಲ, ದಿನಾ ಆ ಬ್ರಿಡ್ಜ್ ಮೇಲೆ ಕಾರ್ ಓಡಿಸ್ತೀರಿ. ಕೆಳಗೆ ಇರೋದು ಎಂತ ಅಂತ ಮಾಡಿದ್ರಿ, ನಿಮ್ಮ ಹಲಸೂರು ಕೆರೆಯಾ?”

“ಎರಡಕ್ಕೂ ಒಂದೇ ಹೆಸರಿಟ್ಟವರನ್ನ ಹೋಗಿ ಕೇಳು.”

“ಹೆಸರಿಟ್ಟವರ ವೀಸಾ ಹೋಗುದಿಲ್ಲ. ನನ್ನ ಅಣ್ಣಂದು ಹೋಗ್ತದೆ.”

ಏಪ್ರಿಲ್ ಮುಗಿಯಲು ಇನ್ನು ಒಂದು ತಿಂಗಳಿತ್ತು.

ಸಮುದ್ರದ ನೀರಿನ ಮೆಂಬ್ರೇನಿಗೆ ನಾಲ್ಕೈದು ಪಟ್ಟು ಒತ್ತಡ ತಡೆಯುವ ಹಾಳೆ ಬೇಕು. ಅದೇ ಬೇರೆ ಸರಕು. ಡೀಲರುಗಳಿಗೆ ಫೋನು ಮಾಡಿದೆ. ಒಬ್ಬೊಬ್ಬರದೂ ಒಂದೇ ಪಲ್ಲವಿ: ತಯಾರಾದದ್ದೆಲ್ಲ ಗಲ್ಫಿನ ದೊಡ್ಡ ಸ್ಥಾವರಗಳಿಗೆ ಹೋಗುತ್ತಿದೆ, ನಿಮ್ಮ ಸರದಿ ಬರಲು ಎಂಟು ತಿಂಗಳು. ಅಂದರೆ ಭಾವನ ಜನ ಯಾವ ಜಾಲಕ್ಕೆ ಪೈಪು ಹೂಳುತ್ತಿದ್ದರೋ ಅದೇ ಜಾಲ ಅವರ ಮೆಂಬ್ರೇನನ್ನೂ ಎತ್ತಿಕೊಂಡು ಹೋಗಿತ್ತು. ಯಾರ ಮೇಲೆ ಕೂಗಾಡುವುದು?

ಆಗ ಕಾರ್ಖಾನೆಯ ಸಾಮಾನನ್ನೂ ಇಂಟರ್ನೆಟ್ಟಿನಲ್ಲೇ ಮಾರುವ ಕಂಪನಿಗಳು ದಿನಕ್ಕೊಂದು ಹುಟ್ಟುತ್ತಿದ್ದವು. ಅಂಥದೊಂದರ ವೆಬ್‌ಸೈಟಿನಲ್ಲಿ ನನಗೆ ಬೇಕಾದ ಮೆಂಬ್ರೇನಿನ ಚಿತ್ರ, ಪಕ್ಕದಲ್ಲಿ ಹಸಿರು ಅಕ್ಷರದಲ್ಲಿ ‘ಲಭ್ಯ’. ಆರ್ಡರು ಹಾಕಿದೆ. ಒಂದು ವಾರ ಧನ್ಯವಾದದ ಇಮೇಲು ಬಿಟ್ಟು ಇನ್ನೇನೂ ಬರಲಿಲ್ಲ. ಎರಡನೆಯ ವಾರ ಮೆನ್ಲೋ ಪಾರ್ಕ್ ಎಂಬ ಊರಿನ ಅವರ ಆಫೀಸಿಗೇ ಹೋದೆ. ಬಣ್ಣಬಣ್ಣದ ಕುರ್ಚಿ, ನಡುವೆ ಆಟದ ಮೇಜು, ಒಂದು ಗೋಡೆಯುದ್ದಕ್ಕೂ ತಿಂಡಿ. ಬಂದು ಮಾತಾಡಿಸಿದವನು ಮೈಸೂರಿನ ಹುಡುಗ, ಏನೋ ಮ್ಯಾನೇಜರು.

“ಅಂಕಲ್, ನಾವು ಸ್ಟಾಕ್ ಇಡಲ್ಲ. ನಾವು ಮಾರ್ಕೆಟ್‌ಪ್ಲೇಸು, ಮಾರೋರು ಬೇರೆಯವರು.”

“ಅಲ್ಲಪ್ಪ, ದೇವರಾಜ ಮಾರ್ಕೆಟ್ಟಲ್ಲಿ ಬದನೆಕಾಯಿ ಇದೆ ಅಂದ್ರೆ ಬದನೆಕಾಯಿ ಇರುತ್ತೆ. ನಿಮ್ಮದರಲ್ಲಿ?”

“ಸೆಲ್ಲರು ಇನ್ನೂ ಆನ್‌ಬೋರ್ಡ್ ಆಗ್ಬೇಕು ಅಂಕಲ್. ಪ್ರೋಸೆಸ್ಸಲ್ಲಿದೆ.”

“ಹಾಗಾದ್ರೆ ಅವೈಲಬಲ್ ಅಂತ ಯಾಕೆ ಹಾಕಿದ್ದೀಯಾ?”

“ಡಿಮ್ಯಾಂಡ್ ಎಷ್ಟಿದೆ ಅಂತ ನೋಡಕ್ಕೆ.”

ಇನ್ನೂರು ಜನರ ಬಾಯಾರಿಕೆ ಆ ಹುಡುಗನಿಗೆ ಡಿಮ್ಯಾಂಡು. ಬಯ್ಯಲೆಂದು ಬಾಯಿ ತೆರೆದೆ. ಅವನು ಅಷ್ಟರಲ್ಲಿ ನನಗೊಂದು ಬಾಟಲಿ ನೀರು ತಂದುಕೊಟ್ಟ. ಕುಡಿದು ಬಂದೆ. ಎರಡು ವಾರ ಹಾಳಾಗಿತ್ತು.

ಮತ್ತೆ ಹಳೆಯ ದಾರಿಯೇ. ಡೈರೆಕ್ಟರಿ ಮುಂದಿಟ್ಟುಕೊಂಡು ಕ್ಯಾಲಿಫೋರ್ನಿಯದ ಕರಾವಳಿಯುದ್ದಕ್ಕೂ ಫೋನು ಮಾಡಿದೆ. ಮೂರನೆಯ ದಿನ ದಕ್ಷಿಣದ ಒಬ್ಬ ಚಿಲ್ಲರೆ ಡೀಲರು ಸಿಕ್ಕ. ಯಾವುದೋ ಯೋಜನೆಗೆ ತರಿಸಿ, ಯೋಜನೆ ನಿಂತು, ಎಂಟು ಮೆಂಬ್ರೇನು ಉಳಿದಿದ್ದವಂತೆ. ಒಂದಕ್ಕೆ ಒಂಬೈನೂರು. ಇದು ಸಮುದ್ರದ ನೀರಿಗೇ ತಾನೆ ಎಂದು ಮೂರು ಸಲ ಕೇಳಿದೆ. ಪೆಟ್ಟಿಗೆಯ ಮೇಲೆ ಮೀನಿನ ಚಿತ್ರ ಬರೆದುಕೊಡಲೇ ಎಂದ. ಅವನು ನನ್ನ ಚೌಕಾಸಿಗೆ ಕಾಯುತ್ತಿದ್ದ, ದನಿಯಲ್ಲೇ ಗೊತ್ತಾಗುತ್ತಿತ್ತು. ನಾನು ಹೂಂ ಎಂದೆ. ಹಳೆಯ ಹನ್ನೆರಡು, ಈ ಎಂಟು, ಎರಡು ಸಲದ ವಿಮಾನದ ಬಾಡಿಗೆ, ಎಲ್ಲ ನನ್ನ ಕೈಯಿಂದಲೇ. ಅಷ್ಟು ಸಲೀಸಾಗಿ ಹೂಂ ಎಂದವನನ್ನು ಅವನೂ ಕಂಡಿರಲಾರ. ಇನ್ನೂ ಸ್ವಲ್ಪ ಹೆಚ್ಚು ಹೇಳಬೇಕಿತ್ತು ಎಂದು ಕೈ ಕೈ ಹಿಸುಕಿಕೊಂಡಿರಬೇಕು.

ಏಪ್ರಿಲ್ ಕೊನೆಯ ದಿನ ಟ್ಯಾಂಕರು ನಿಂತಿತು. ಪೆಟ್ಟಿಗೆಗಳು ಅಲ್ಲಿನ ಕಸ್ಟಮ್ಸಿನಲ್ಲಿ ಕೂತಿದ್ದವು. ಮೂರು ದಿನ ಕ್ಯಾಂಪಿನವರು ಬಾಟಲಿ ನೀರು ಎಣಿಸಿಕೊಂಡು ಕುಡಿದರು. ನಾಲ್ಕನೆಯ ಬೆಳಿಗ್ಗೆ ಭಾವ ಫೋನು ಮಾಡಿ, “ಬಂತು. ಸಿಹಿ ಉಂಟು,” ಎಂದಷ್ಟೇ ಹೇಳಿದರು. ಹನ್ನೆರಡರ ಜಾಗದಲ್ಲಿ ಎಂಟು. ಕುಡಿಯಲು, ಬೇಯಿಸಲು ಸಾಕಾಯಿತು. ಸ್ನಾನ ಆ ಬೇಸಿಗೆಯುದ್ದಕ್ಕೂ ಸಮುದ್ರದ ನೀರಿನಲ್ಲೇ. ಕಾರವಾರದ ಕಡೆಯ ಹುಡುಗರು ಪರವಾಗಿಲ್ಲ ಎಂದರಂತೆ, ಬಿಜಾಪುರದವರು ಮೈಯೆಲ್ಲ ತುರಿಸಿಕೊಂಡು ನನ್ನ ವಂಶವನ್ನೇ ಬೈದರಂತೆ. ಬೈಯಲಿ, ನ್ಯಾಯವೇ.

ಭಾವನ ವೀಸಾ ಉಳಿಯಿತು. ಆದರೆ ಮೂರು ದಿನ ತಡವಾದದ್ದಕ್ಕೆ ಅವರನ್ನು ಪ್ಲಾಂಟಿನಿಂದ ತೆಗೆದು ಸ್ಟೋರಿನ ಕೌಂಟರಿನಲ್ಲಿ ಕೂರಿಸಿದರು. ಹದಿನೈದು ಜನರ ಮೇಲೆ ಮೇಸ್ತ್ರಿಕೆ ಮಾಡಿದವರು ನಟ್ಟು ಬೋಲ್ಟು ಎಣಿಸಿ ಕೊಡತೊಡಗಿದರು. ನನ್ನ ಎದೆಯಲ್ಲಿ ಇವತ್ತಿಗೂ ಕುಟುಕುವುದು ಡಾಲರಲ್ಲ, ಆ ಕೌಂಟರು. ಹೋಗಲಿ ಎಂದರೆ, ಎರಡು ವರ್ಷವಾಗುತ್ತದೆ ಎಂದಿದ್ದ ದೊಡ್ಡ ಪೈಪು ಅದೇ ಡಿಸೆಂಬರಿಗೆ ಕ್ಯಾಂಪಿನ ಬಾಗಿಲಿಗೇ ಬಂತು. ನಲ್ಲಿ ತಿರುಗಿಸಿದರೆ ನೀರು. ಸಣ್ಣ ಪ್ಲಾಂಟನ್ನು ಗುಜರಿಗೆ ಹಾಕಿದರು, ನನ್ನ ಎಂಟು ಮೆಂಬ್ರೇನಿನ ಸಮೇತ.

ಭಾವ ಈಗಲೂ ಫೋನು ಮಾಡುತ್ತಾರೆ. ತಂಗಿಯ ಬಿಪಿ, ಊರಿನ ಮದುವೆ, ಮೀನಿನ ರೇಟು, ಎಲ್ಲ ಮಾತಾಡುತ್ತಾರೆ. ಸಾಮಾನಿನ ಮಾತು ಮಾತ್ರ ಎತ್ತುವುದಿಲ್ಲ. ಒಮ್ಮೆ ನಾನೇ ಕೇಳಿದೆ, ಪಂಪುಗಿಂಪು ಬೇಕಾದರೆ ಹೇಳಿ ಭಾವ ಎಂದು. “ಬೇಡ ಭಾವ, ಇಲ್ಲೇ ಸಿಗ್ತದೆ,” ಎಂದರು. ಅಲ್ಲಿ ಸಿಗುವುದಿಲ್ಲ ಎಂದು ನನಗೆ ಗೊತ್ತು. ನನಗೆ ಗೊತ್ತು ಎಂದು ಅವರಿಗೂ ಗೊತ್ತು.

ಆದ್ದರಿಂದ ನೀರಿನ ಸಾಮಾನಿಗೆ ಕೈ ಹಾಕುವವರಿಗೆ, ಮನೆಯ ಸಿಂಕಿನ ಕೆಳಗೆ ಸಣ್ಣ ಫಿಲ್ಟರು ಕೂರಿಸುವವರಿಗೂ, ನನ್ನ ಮಾತು ಇಷ್ಟು. ನೀರಿನ ಹೆಸರು ಕೇಳಬೇಡಿ, ಲ್ಯಾಬ್ ರಿಪೋರ್ಟು ಕೇಳಿ. ಒಂದು ಲೀಟರಿಗೆ ಎಷ್ಟು ಉಪ್ಪು ಎಂಬ ಅಂಕಿ ಕಾಗದದ ಮೇಲೆ ಬರಲಿ. ನೀರು ಎಲ್ಲಿಂದ ಎತ್ತುತ್ತೀರಿ, ಪೈಪಿನ ಆ ತುದಿ ಎಲ್ಲಿದೆ ಎಂದು ಕೇಳಿ. ನೆಂಟರಾದರೆ ಎರಡು ಸಲ ಕೇಳಿ, ಒಂದೇ ಭಾಷೆಯವರಾದರೆ ಮೂರು ಸಲ. ಚೌಕಾಸಿಯನ್ನು ಸರಕು ಸರಿಯೆಂದು ಖಾತ್ರಿಯಾದ ಮೇಲೆ ಶುರುಮಾಡಿ, ಮೊದಲೇ ಶುರುಮಾಡಿದರೆ ಗೆದ್ದ ಖುಷಿಯಲ್ಲಿ ಕೇಳಬೇಕಾದ್ದು ಮರೆತುಹೋಗುತ್ತದೆ. ಕಂಪ್ಯೂಟರಿನಲ್ಲಿ ಇದೆ ಎಂದು ಕಂಡದ್ದನ್ನು ಫೋನಿನಲ್ಲಿ ಇದೆ ಅನ್ನಿಸಿ, ಪೆಟ್ಟಿಗೆಯ ಮೇಲಿನ ನಂಬರು ಓದಿಸಿ. ಮೆಂಬ್ರೇನು ಕೊಂಡರೆ ಸೀಲು ಒಡೆದಿದೆಯೇ ನೋಡಿ, ಒಳಗಿನ ತೇವ ಒಮ್ಮೆ ಒಣಗಿದರೆ ಅದು ಬರೀ ಪ್ಲಾಸ್ಟಿಕ್ಕು. ಬೇರೆಯವರ ನೌಕರಿ ಅದರ ಮೇಲೆ ನಿಂತಿದ್ದರೆ, ದಯವಿಟ್ಟು, ರಿಪೋರ್ಟು ಕೈಗೆ ಬರುವ ತನಕ ಚೆಕ್ಕಿಗೆ ಸಹಿ ಹಾಕಬೇಡಿ.