ನೀಲಿ ಚೆಂಡಿಗೆ ತಾಕಿದ ತೋಳು

ಎರಡನೆಯ ಮಗಳು ಮದುವೆಯಾಗಬೇಕೆಂದಿರುವ ಹುಡುಗ ರಜಾ ದಿನಗಳಲ್ಲಿ ಸ್ನೂಕರ್ ಆಡುತ್ತಾನೆ ಎಂದು ತಿಳಿದಾಗ ನಾನು ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದೆ. ಕೆಸರೆಯ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ನಮ್ಮ ಯಜಮಾನರು ಹೋದ ಮೇಲೆ ಆ ಕೋಣೆಯಲ್ಲೇ ಕೂತು ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದವಳು ನಾನು. ಸ್ನೂಕರ್ ಎಂದರೆ ನನಗೆ ಗೊತ್ತಿದ್ದದ್ದು ಬೀಡಿ ಹೊಗೆ, ಜೂಜು, ಮಾಡಲು ಬದುಕಿಲ್ಲದ ಗಂಡಸರು, ಇಷ್ಟೇ.

"ಅವ್ರು ಜೂಜಾಡಲ್ಲ ಕಣಮ್ಮ" ಎಂದಳು ಮಗಳು.

"ಎಲ್ರೂ ಮೊದ್ಲು ಅಂಗೇ ಅನ್ನೋದು" ಎಂದೆ.

ನಿಜ ಹೇಳಬೇಕೆಂದರೆ ನನಗೆ ಇದ್ದದ್ದು ಸಿಟ್ಟಲ್ಲ, ಭಯ. ದೊಡ್ಡ ಮಗಳಿಗೆ ಗಂಡು ಹುಡುಕುವಾಗ ಏನೂ ಕಡಿಮೆ ಮಾಡಿರಲಿಲ್ಲ. ಜಾತಕ ಕೂಡಿಬಂದಿತ್ತು. ಅವರ ಬೀದಿಯಲ್ಲಿ ವಿಚಾರಿಸಿದರೆ ಎಲ್ಲರೂ ಹುಡುಗ ಬಂಗಾರ ಎಂದರು. ಆ ಬಂಗಾರ ಕೆಲಸ ಕಳೆದುಕೊಂಡು ತಿಂಗಳುಗಟ್ಟಲೆ ಅದನ್ನು ಬಾಯಿಬಿಡಲಿಲ್ಲ. ನನ್ನ ಮಗಳು ಕಟ್ಟಿಕೊಟ್ಟ ಊಟದ ಡಬ್ಬಿ ಹಿಡಿದು ದಿನಾ ಬೆಳಿಗ್ಗೆ ಆಫೀಸಿಗೆಂದು ಹೊರಡುತ್ತಿದ್ದ, ಯಾವುದೋ ಪಾರ್ಕಿನಲ್ಲಿ ಕೂತು ಉಂಡು ಸಂಜೆ ಸುಸ್ತಾದವನ ಹಾಗೆ ಬರುತ್ತಿದ್ದ. ಕೆಲಸ ಹೋದದ್ದಕ್ಕೆ ಅವಳು ಬೇಸರ ಮಾಡಿಕೊಳ್ಳುವವಳಲ್ಲ. ಆದರೆ ಒಂದು ಸುಳ್ಳಿನ ಹಿಂದೆ ಇನ್ನೊಂದು ಈಚೆ ಬರತೊಡಗಿದ ಮೇಲೆ ಅವನು "ಊಟ ಆಯ್ತು" ಎಂದರೂ ಅವಳಿಗೆ ನಂಬಿಕೆ ಬಾರದಂತಾಯಿತು. ವಾಪಸು ಬಂದಳು. ನನ್ನ ಪಕ್ಕದಲ್ಲೇ ಕೂತು ರವಿಕೆಗಳಿಗೆ ಕೊಕ್ಕೆ ಹಾಕುತ್ತಾಳೆ. ತಂಗಿಯ ಮದುವೆಯ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಾಳೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗಾದೆ ಹೇಳುವುದು ಸುಲಭ. ಹಾಲು ಯಾವುದು ಎಂದು ಕಂಡುಹಿಡಿಯುವುದು ಹೇಗೆಂದು ಯಾವ ಗಾದೆಯೂ ಹೇಳುವುದಿಲ್ಲ.

ಚಿಕ್ಕವಳು ಹಟಮಾರಿ. ಆಟ ಏನೆಂದು ತಿಳಿಯದೆ ಬೇಡ ಅನ್ನಬೇಡ ಎಂದು ನನ್ನ ಕತ್ತರಿಸುವ ಮೇಜನ್ನೇ ಖಾಲಿ ಮಾಡಿದಳು. ನಿಂಬೆಹಣ್ಣು ಬಿಳಿ ಚೆಂಡಾಯಿತು, ಬಣ್ಣದ ದಾರದ ಉಂಡೆಗಳು ಮಿಕ್ಕ ಚೆಂಡುಗಳಾದವು, ನನ್ನ ಮರದ ಸ್ಕೇಲು ಕೋಲಾಯಿತು. ಆ ಕೋಲಿಗೆ ಕ್ಯೂ ಎಂದು ಹೆಸರಿದ್ದರೂ ಹುಡುಗರು ಸ್ಟಿಕ್ ಎಂದೇ ಅನ್ನುವುದಂತೆ. ಒಂದು ಚೆಂಡು ಹೋಗುತ್ತಾ ಇನ್ನೊಂದನ್ನು ಸವರಿದರೆ ಕಿಸ್.

"ಥೂ, ಮಾನ ಮರ್ಯಾದೆ ಇಲ್ವಾ ಆ ಆಟಕ್ಕೆ?" ಎಂದೆ.

ಅವಳು ನಕ್ಕು ಮುಂದುವರಿಸಿದಳು. ಗುರಿಯಿಟ್ಟದ್ದೊಂದು, ಮೇಜಿನ ಅಂಚಿನ ಗುಳಿಗೆ ಬಿದ್ದದ್ದು ಇನ್ನೊಂದಾದರೆ ಅದು ಫ್ಲೂಕ್. ಹಾಗಾದಾಗ ಎದುರಿನವನಿಗೆ ಕೈಯೆತ್ತಿ ಸಾರಿ ಎನ್ನಬೇಕು. ಎದುರಿನವನು ಹೊಡೆಯಬೇಕಾದ ಚೆಂಡು ಅವನಿಗೆ ನೇರವಾಗಿ ಸಿಗದ ಹಾಗೆ ಬಿಳಿಯದನ್ನು ಮತ್ತೊಂದರ ಮರೆಗೆ ಸೇರಿಸಿಬಿಡುವುದೇ ಸ್ನೂಕರ್ ಮಾಡುವುದು. ಕೋಲಿನ ತುದಿ ಬಿಳಿ ಚೆಂಡಿಗೆ ಮಾತ್ರ ತಾಕಬೇಕು. ಕೈಯಾಗಲಿ ಬಟ್ಟೆಯಾಗಲಿ ಯಾವ ಚೆಂಡಿಗೆ ಸೋಕಿದರೂ ಫೌಲ್: ಆ ಹೊಡೆತದಲ್ಲಿ ಬಿದ್ದದ್ದು ಲೆಕ್ಕಕ್ಕಿಲ್ಲ, ಪಾಯಿಂಟೂ ಸರದಿಯೂ ಎದುರಿನವನಿಗೆ.

"ಬಟ್ಟೆ ಸೋಕಿದ್ರೂನಾ? ಒಳ್ಳೇ ಮಡಿ ಆಟ ಆಯ್ತಲ್ಲ!"

ಅಷ್ಟೆಲ್ಲ ಕೇಳಿಸಿಕೊಂಡರೂ ನನ್ನ ಭಯ ಕದಲಲಿಲ್ಲ. ಆ ಭಾನುವಾರ ಮಧ್ಯಾಹ್ನ ಅವನು ಯಾವುದೋ ಪಂದ್ಯ ಆಡುತ್ತಾನೆಂದು ಮಗಳ ಬಾಯಿಂದಲೇ ತಿಳಿದುಕೊಂಡು, ಲೈನಿಂಗ್ ಬಟ್ಟೆ ತರುತ್ತೇನೆಂದು ಹೇಳಿ, ಒಬ್ಬಳೇ ಮಂಡಿ ಮೊಹಲ್ಲಾಕ್ಕೆ ಹೋದೆ. ಒಣಮೆಣಸಿನಕಾಯಿ ಅಂಗಡಿಯೊಂದರ ಮಹಡಿಯ ಮೇಲೆ ಆ ಸ್ನೂಕರ್ ಹಾಲ್. ಘಾಟಿಗೆಂದು ಮಾಸ್ಕ್ ಹಾಕಿಕೊಂಡದ್ದು ನನಗೇ ಅನುಕೂಲವಾಯಿತು. ಅವನ ಮುಖ ನಾನು ಫೋಟೋದಲ್ಲಿ ನೋಡಿದ್ದೆ. ನನ್ನ ಮುಖವನ್ನೂ ಮಗಳು ಅವನಿಗೆ ತೋರಿಸದೆ ಇದ್ದಾಳೆಯೇ? ಬಾಗಿಲ ಬಳಿ ಕೂತಿದ್ದ ವಯಸ್ಸಾದ ಯಜಮಾನರು ಏನು ಬೇಕೆಂದಾಗ, "ಮೊಮ್ಮಗನ್ನ ಸೇರಿಸ್ಬೇಕಿತ್ತು, ಒಸಿ ನೋಡ್ಬೋದಾ?" ಎಂದೆ. ನನಗೆ ಮೊಮ್ಮಗನೇ ಇಲ್ಲ. ಸುಳ್ಳು ಹೇಳದ ಅಳಿಯನನ್ನು ಹುಡುಕಲು ಹೊರಟವಳ ಯೋಗ್ಯತೆ ಇದು.

ಒಳಗೆ ಹೊಗೆ ಇರಲಿಲ್ಲ. ದೊಡ್ಡ ಹಸಿರು ಮೇಜು, ಅದರ ಮೇಲೆ ತಗ್ಗಿನಲ್ಲಿ ದೀಪಗಳು, ಗೋಡೆಗೊರಗಿ ಒಂದಷ್ಟು ಜನ. ನಾನು ಬಾಗಿಲ ಪಕ್ಕದ ಮೂಲೆಯಲ್ಲಿ ಕೂತೆ. ಅವನು ಆಡುತ್ತಿದ್ದ. ಪಂದ್ಯ ಮುಗಿಯುತ್ತಾ ಬಂದಿತ್ತು. ಬೇರೆ ಬಣ್ಣದ ಚೆಂಡುಗಳ ನಡುವೆ ಕೆಂಪು ಚೆಂಡು ಒಂದೇ ಉಳಿದಿತ್ತು. ಅದನ್ನು ಹಾಕಿದರೆ ಅವನೇ ಗೆದ್ದ ಹಾಗೆ ಎಂದು ಪಕ್ಕದವರು ಪಿಸುಗುಟ್ಟುತ್ತಿದ್ದರು. ಎಲ್ಲರ ಕಣ್ಣು ಆ ಕೆಂಪಿನ ಮೇಲೆ. ನನ್ನ ಕಣ್ಣು ಮಾತ್ರ ಅವನ ಶರಟಿನ ಮೇಲೆ. ವೃತ್ತಿಯ ಚಾಳಿ. ಬಲಗೈ ತೋಳಿನ ಗುಂಡಿ ಕಿತ್ತುಹೋಗಿ ತೋಳಿನ ಪಟ್ಟಿ ಜೋಲುತ್ತಿತ್ತು. ಗುಂಡಿ ಹಾಕಿಕೊಳ್ಳಲು ಬಾರದವನು ಸಂಸಾರ ಏನು ಮಾಡುತ್ತಾನೆ ಎಂದುಕೊಂಡೆ.

ಅವನು ಮೇಜಿನ ಮೇಲೆ ಉದ್ದಕ್ಕೆ ಬಾಗಿದ. ಜೋಲುತ್ತಿದ್ದ ಪಟ್ಟಿ ಪಕ್ಕದಲ್ಲಿದ್ದ ನೀಲಿ ಚೆಂಡನ್ನು ಸವರಿತು. ಚೆಂಡು ಒಂದಿಷ್ಟು ಅಲುಗಿ ನಿಂತಿತು. ಮರುಕ್ಷಣವೇ ಅವನು ಹೊಡೆದ, ಕೆಂಪು ಗುಳಿಗೆ ಬಿತ್ತು, ಎಲ್ಲರೂ "ಸೂಪರ್" ಎಂದರು. ನೀಲಿಯನ್ನು ಯಾರೂ ನೋಡಿರಲಿಲ್ಲ. ಎದುರಾಳಿ ಹುಡುಗ ಆಗಲೇ ಸೋತವನಂತೆ ನೀರಿನ ಬಾಟಲಿ ಎತ್ತಿದ್ದ.

ನಾನು ನೋಡಿದ್ದೆ. ಗೊತ್ತಿದ್ದದ್ದು ನನಗೊಬ್ಬಳಿಗೆ. ಅವನಿಗೂ ಗೊತ್ತೋ ಇಲ್ಲವೋ ಎಂದು ಅವನ ಮುಖವನ್ನೇ ನೋಡಿದೆ. ಅವನು ನೆಟ್ಟಗೆ ನಿಂತ. ಸ್ಟಿಕ್ಕಿನ ತುದಿಗೆ ಚಾಕ್ ಉಜ್ಜಿದ. ಮೇಜನ್ನು ಸುತ್ತಿ ಈ ಕಡೆಗೆ ಬಂದ, ಮುಂದಿನ ಹೊಡೆತಕ್ಕೆ ಬರುವವನ ಹಾಗೆಯೇ. ಆಯಿತು, ಇವನೂ ಅಷ್ಟೇ ಎಂದುಕೊಂಡೆ. ನನ್ನ ದೊಡ್ಡ ಮಗಳ ಮುಖ ಕಣ್ಣೆದುರು ಬಂತು. ಎದ್ದು ಹೋಗಿಬಿಡೋಣವೆಂದು ಚೀಲ ಎತ್ತಿಕೊಂಡೆ.

ಅವನು ಬಗ್ಗಿ ನೀಲಿ ಚೆಂಡನ್ನು ಹತ್ತಿರದಿಂದ ನೋಡಿದ. ಆಮೇಲೆ ಸ್ಟಿಕ್ಕನ್ನು ಗೋಡೆಗೆ ಒರಗಿಸಿದ.

"ಫೌಲ್ ಕಣೋ. ನೀಲಿಗೆ ತೋಳು ತಾಕ್ತು. ನೀನು ಆಡು."

"ಏ ಹೋಗೋ, ನಾನು ನೋಡೇ ಇಲ್ಲ" ಎಂದ ಎದುರಾಳಿ.

"ತಾಕ್ತು ಅಂದ್ನಲ್ಲ, ಬುಡು. ಬಂದು ಆಡು."

ನನಗೆ ಹೋದ ಜೀವ ಬಂದ ಹಾಗಾಯಿತು. ಎತ್ತಿಕೊಂಡ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಲ್ಲೇ ಕೂತೆ. ಮಾಸ್ಕಿನೊಳಗೆ ಅಳು ಬರುತ್ತಿತ್ತೋ ನಗು ಬರುತ್ತಿತ್ತೋ ನನಗೇ ತಿಳಿಯಲಿಲ್ಲ. ಬಾಗಿಲ ಬಳಿಯ ಯಜಮಾನರು ನಾನು ಗಾಬರಿಯಾದೆನೆಂದು ತಿಳಿದು ಸಮಾಧಾನ ಹೇಳಿದರು: "ಇಲ್ಲಿ ಅಂಗೇ ಕಣಮ್ಮ. ಅಂಪೈರ್ ಇಟ್ಕೊಳ್ಳಾಕೆ ಎಲ್ಲಾಯ್ತದೆ? ತಾನು ಮಾಡಿದ ಫೌಲು ತಾನೇ ಹೇಳ್ಬೇಕು, ಅದು ಪದ್ಧತಿ. ಎಲ್ರೂ ಹೇಳಲ್ಲ ಅನ್ನಿ." ಎದುರಾಳಿ ಆಡಿದ, ಉಳಿದ ಚೆಂಡುಗಳನ್ನು ಒಂದೊಂದಾಗಿ ಹಾಕಿದ, ಪಂದ್ಯ ಗೆದ್ದ. ಅವನು ಸೋತು ಕೈಕುಲುಕಿದ. ಹುಡುಗನೊಬ್ಬ ಸೋತದ್ದಕ್ಕೆ ನಾನು ಅಷ್ಟು ಖುಷಿಪಟ್ಟದ್ದು ಜೀವಮಾನದಲ್ಲೇ ಇಲ್ಲ.

ಮನೆಗೆ ಬಂದಾಗ ಚಿಕ್ಕವಳು ಇರಲಿಲ್ಲ. ದೊಡ್ಡವಳು ಕೊಕ್ಕೆ ಹಾಕುತ್ತಾ ಕೂತಿದ್ದಳು. ಬರಿಗೈ ನೋಡಿ "ಲೈನಿಂಗ್ ಎಲ್ಲಮ್ಮ?" ಎಂದಳು. ಎಲ್ಲವನ್ನೂ ಹೇಳಿದೆ. ಮದುವೆಯ ವಿಷಯವಾದರೂ ಅವಳು ಏಳಲಿಲ್ಲ. ಸೂಜಿ ಹಿಡಿದ ಕೈ ಹಾಗೇ ನಿಂತಿತು.

"ಅಲ್ಲಿ ಯಾರಾದ್ರೂ ಕೇಳಿದ್ರಾ ಅವ್ನ, ತಾಕ್ತಾ ಅಂತ?"

"ಇಲ್ಲ."

"ನೀನು ಯಾರು ಅಂತ ಗೊತ್ತಾಗಿತ್ತಾ ಅವ್ನಿಗೆ?"

"ಮಾಸ್ಕ್ ಹಾಕ್ಕೊಂಡು ಮೂಲೇಲಿ ಕೂತಿದ್ದೆ ಕಣೇ. ನನ್ನ ಕಡೆ ತಿರುಗೂ ನೋಡ್ಲಿಲ್ಲ."

"ಯಾರೂ ಕೇಳ್ದೆ, ತಾನಾಗೇ ಹೇಳಿದ್ನಾ?"

"ಹೂಂ, ತಾನಾಗೇ."

ಅವಳು ಕೈಯಲ್ಲಿದ್ದ ರವಿಕೆಯನ್ನು ಮಡಿಸಿಟ್ಟಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಅವ್ಳಿಗೆ ಫೋನ್ ಮಾಡಮ್ಮ, ಬೇಗ ಬರ್ಲಿ. ನಾನೇ ಹೇಳ್ತೀನಿ" ಎಂದಳು.