ಗುಂಡು ನಿಲ್ಲುವವರೆಗೆ

ಗಾರೆ ಮೇಸ್ತ್ರಿಗೆ ಅವಸರವೆಂಬುದೇ ಗೊತ್ತಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರದ ತುದಿಗೆ ಕಟ್ಟಿದ ಸೀಸದ ಗುಂಡನ್ನು ಗೋಡೆಯ ತಲೆಯಿಂದ ಇಳಿಬಿಟ್ಟರೆ, ಅದು ಆಡಿ ಆಡಿ ತಾನಾಗಿಯೇ ನಿಲ್ಲುವವರೆಗೆ ಆತ ಕದಲುತ್ತಿರಲಿಲ್ಲ. ಬೆರಳು ತಾಗಿಸಿ ನಿಲ್ಲಿಸಿದ ಗುಂಡು ಸುಳ್ಳು ಹೇಳುತ್ತದೆ ಎಂಬುದು ಆತನ ಮಾತು. "ನಿಮ್ಮ ಗುಂಡು ನಿಲ್ಲೋಷ್ಟರಲ್ಲಿ ನನ್ನ ಅಡುಗೆ ಮೂರು ಸಲ ಆರಿ ಹೋಗುತ್ತೆ ಕಣ್ರೀ" ಎಂದು ಹೆಂಡತಿ ಗೊಣಗುತ್ತಿದ್ದಳು.

ಆ ವರ್ಷ ಆತ ಕಟ್ಟುತ್ತಿದ್ದುದು ಶಾಲೆಯ ಇಂಗ್ಲಿಷ್ ಮೇಡಂ ಅವರ ಮನೆಯನ್ನು. ಒಂದು ಸಂಜೆ ಆಕೆ ಇಟ್ಟಿಗೆ ರಾಶಿಯ ಪಕ್ಕದಲ್ಲಿ ನಿಂತು, ಆತ ಕಾಯುವುದನ್ನು ನೋಡಿ ನಕ್ಕರು.

"ಮೇಸ್ತ್ರಿಗಳೇ, ಇಂಗ್ಲಿಷಿನಲ್ಲಿ ಅಪ್ಲಾಮ್ ಅಂತ ಒಂದು ಪದ ಇದೆ. ಆಕಾಶವೇ ಕಳಚಿ ಬಿದ್ರೂ ಅಲ್ಲಾಡದ ಸಮಾಧಾನಕ್ಕೆ ಹಾಗಂತಾರೆ. ಅದು ಅವರ ಸ್ವಂತದ್ದಲ್ಲ, ಫ್ರೆಂಚರಿಂದ ತಂದಿದ್ದು. ಮೂಲದಲ್ಲಿ ಸೀಸದ ಗುಂಡಿಗೆ ಸರಿಯಾಗಿ ಅಂತ ಅರ್ಥ. ನೆಟ್ಟಗೆ ನಿಂತಿದ್ದಕ್ಕೆ ಹೇಳ್ತಿದ್ದ ಮಾತನ್ನ ಮನುಷ್ಯರ ಮನಸ್ಸಿಗೂ ಹೇಳೋಕೆ ಶುರು ಮಾಡಿದ್ರು. ನಿಮಗೇ ಹೇಳಿ ಮಾಡಿಸಿದ ಹಾಗಿದೆ."

"ಹಾಗಾದ್ರೆ ಅಲ್ಲೂ ನಮ್ಮಂಥವರು ಇದ್ರು ಅನ್ನಿ" ಎಂದ ಮೇಸ್ತ್ರಿ.

ಜೊತೆಗೆ ಕೆಲಸ ಮಾಡುತ್ತಿದ್ದ ಅಳಿಯ ಗಾರೆ ಮೆತ್ತಿದ್ದ ಕರಣೆ ಒರೆಸುತ್ತ, "ಮೇಡಂ, ಆ ಪದ ನಮ್ಮತ್ತೆ ಮುಂದೆ ಮಾತ್ರ ಹೇಳ್ಬೇಡಿ. ಅವರ ಭಾಷೇಲಿ ಅದಕ್ಕೆ ಸೋಮಾರಿತನ ಅಂತಾರೆ" ಎಂದ.

ತಾರಸಿ ಹಾಕುವ ಹಿಂದಿನ ದಿನ ಗೋಡೆಗಳನ್ನೆಲ್ಲ ಕೊನೆಯ ಸಲ ನೋಡಬೇಕಿತ್ತು. ಗಾಳಿ ಜೋರಾಗಿತ್ತು. ಅಂಥ ದಿನ ಗುಂಡನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಇಳಿಬಿಡುವುದು ರೂಢಿ. ನೀರಿನೊಳಗೆ ಅದರ ಆಟ ಬೇಗ ಅಡಗುತ್ತದೆ. ಮೂರು ಗೋಡೆಗಳು ಸರಿಯಾಗಿದ್ದವು. ನಾಲ್ಕನೆಯದು ಅಡುಗೆಮನೆಯ ಹಿಂದಿನ ಗೋಡೆ. ಮೇಲೆ ದಾರಕ್ಕೂ ಗೋಡೆಗೂ ನಡುವೆ ಒಂದು ಗೇಣು. ಕೆಳಗೂ ಅಷ್ಟೇ ಇರಬೇಕಿತ್ತು. ಕೆಳಗೆ ಅಳೆದ ಅಳಿಯ ತಲೆಯೆತ್ತಲಿಲ್ಲ.

"ಎಷ್ಟು?"

"ಗೇಣಿನ ಮೇಲೆ ಒಂದು ಬೆರಳು. ಗಾಳಿ ಮಾವ, ಗಾಳಿ."

"ನೀರೊಳಗೆ ಎಲ್ಲಿಂದ ಬಂತೋ ಗಾಳಿ?"

ಅಳಿಯ ದನಿ ತಗ್ಗಿಸಿದ. "ಒಂದು ಬೆರಳು ತಾನೇ? ಪ್ಲಾಸ್ಟರಿನಲ್ಲಿ ಮುಚ್ಚಿ ಹೋಗುತ್ತೆ. ಯಾರ ಕಣ್ಣಿಗೂ ಕಾಣಲ್ಲ. ಒಡೆದ್ರೆ ನಲವತ್ತು ವರ್ಷದ ಹೆಸರು ಮಣ್ಣುಪಾಲು."

ಆ ಗೋಡೆಯ ಕೊನೆಯ ಸಾಲುಗಳನ್ನು ಕಟ್ಟಿದ ಮಧ್ಯಾಹ್ನ ಮೇಸ್ತ್ರಿಗೆ ಚೆನ್ನಾಗಿ ನೆನಪಿತ್ತು. ಮಗಳನ್ನು ಹೆರಿಗೆಗೆ ಸೇರಿಸಿದ್ದಾರೆಂದು ಹೇಳಿಕಳುಹಿಸಿದ್ದರು. ಗುಂಡು ಇನ್ನೂ ಆಡುತ್ತಿತ್ತು. ಆತ ಅದಕ್ಕೆ ಬೆರಳು ತಾಗಿಸಿ ನಿಲ್ಲಿಸಿದ್ದ, ಜನ್ಮದಲ್ಲಿ ಅದೊಂದೇ ಸಲ.

ಅಷ್ಟರಲ್ಲಿ ಮೇಡಂ ಬಂದರು. "ಎಲ್ಲಾ ಸರಿಯಿದೆಯಾ ಮೇಸ್ತ್ರಿಗಳೇ? ನಾಳೆ ತಾರಸಿ ತಾನೇ?"

"ಇಲ್ಲ ಮೇಡಂ. ಈ ಗೋಡೆ ವಾಲಿದೆ. ಒಡೀಬೇಕು. ತಾರಸಿ ಒಂದು ವಾರ ಮುಂದಕ್ಕೆ ಹೋಗುತ್ತೆ."

"ಯಾರು ಕಟ್ಟಿದ್ದು?"

ಅಳಿಯ ಬಾಯಿ ತೆರೆಯುವ ಮೊದಲೇ ಮೇಸ್ತ್ರಿ, "ನಾನೇ" ಎಂದು, ನಡೆದದ್ದನ್ನೆಲ್ಲ ಬಿಡಿಸಿ ಹೇಳಿದ.

ಮೇಡಂ ಸ್ವಲ್ಪ ಹೊತ್ತು ಗೋಡೆಯನ್ನು ನೋಡಿದರು. ಅವರ ಕಣ್ಣಿಗೆ ಅದು ನೆಟ್ಟಗೇ ಇತ್ತು. "ಮಗು ಚೆನ್ನಾಗಿದೆಯಾ?" ಎಂದು ಕೇಳಿದರು.

"ಮೊಮ್ಮಗಳು, ಮೇಡಂ. ಚೆನ್ನಾಗಿದ್ದಾಳೆ. ನಾನು ಅಷ್ಟೆಲ್ಲ ಓಡಿ ಹೋದೆ. ಅವಳು ನನಗಿಂತ ಅವಸರದವಳು, ಆಗಲೇ ಹುಟ್ಟಿ ಮಲಗಿಬಿಟ್ಟಿದ್ಲು."

"ಹಾಗಾದ್ರೆ ಒಡೀರಿ" ಎಂದು ಹೇಳಿ ಮೇಡಂ ಹೊರಟುಹೋದರು.

ಮೇಸ್ತ್ರಿ ಹಾರೆಯ ಕಡೆ ಕೈ ಚಾಚಿದ. ಕೈ ನಡುಗುತ್ತಿತ್ತು. ಅದನ್ನು ಇನ್ನೊಂದು ಕೈಯಿಂದ ಹಿಡಿದು ನಿಲ್ಲಿಸಲಿಲ್ಲ. ಅದು ತಾನಾಗಿಯೇ ನಿಲ್ಲಲಿ ಎಂದು ಇಟ್ಟಿಗೆ ರಾಶಿಯ ಮೇಲೆ ಕುಳಿತು ಕಾದ. ಅಳಿಯ ಹೋಗಿ ಇನ್ನೊಂದು ಹಾರೆ ತಂದ.