ಫ್ರೇಮಾಳ ಎಡಗೈ

ಘಾನಾ ದೇಶದ ಕುಮಾಸಿ ನಗರದ ಅಸಾಫೋ ಸಂತೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಫ್ರೇಮಾ ಹುಟ್ಟಾ ಎಡಚಿ. ಶಾಲೆಯಲ್ಲಿ ತಿಂದ ಪೆಟ್ಟುಗಳಿಂದ ಬಲಗೈ ಬರೆಯುವುದನ್ನಷ್ಟೇ ಕಲಿತಿತ್ತು. ಉಳಿದ ಕಸುಬೆಲ್ಲ ಎಡಗೈಯದೇ. ಕೆಟ್ಟು ಕೂತ ಯಂತ್ರಗಳನ್ನು ಎಬ್ಬಿಸುವ ಪೆನ್‌ಡ್ರೈವ್ ಒಂದು ಮಣಿಸರದಲ್ಲಿ ಸದಾ ಅವಳ ಕೊರಳಲ್ಲಿ ತೂಗುತ್ತಿತ್ತು.

ಅವತ್ತು ನಿವೃತ್ತ ಹೆಡ್‌ಮಾಸ್ಟರ್ ಅಂಪೋಫೋ ಲ್ಯಾಪ್‌ಟಾಪ್ ತಂದರು. ನಾಳೆ ಅಣ್ಣನ ಶವಸಂಸ್ಕಾರದಲ್ಲಿ ಓದಬೇಕಾದ ಭಾಷಣ ಅದರೊಳಗೇ ಸಿಕ್ಕಿಕೊಂಡಿತ್ತು. ಯಂತ್ರ ಮಾತ್ರ ಏಳುತ್ತಿರಲಿಲ್ಲ. ಅದರ ಎಡಬದಿಯ ಕಿಂಡಿ ಸಡಿಲ. ಪೆನ್‌ಡ್ರೈವನ್ನು ಒಂದು ಕೈಯಲ್ಲಿ ಅದುಮಿ ಹಿಡಿದೇ ಇನ್ನೊಂದರಲ್ಲಿ ಗುಂಡಿ ಒತ್ತಬೇಕು. ಫ್ರೇಮಾಳ ಎಡಗೈ ಮುಂದೆ ಹೋಯಿತು.

"ಏಯ್! ನಮ್ಮಣ್ಣನ ಭಾಷಣ ಇರೋ ಪೆಟ್ಟಿಗೆಗೆ ಎಡಗೈ ಹಾಕ್ತೀಯಾ? ನಿಮ್ಮಮ್ಮ ಇದೇನಾ ಕಲ್ಸಿದ್ದು?"

"ಕಿಂಡಿನೂ ಎಡಕ್ಕೇ ಇದೆಯಲ್ಲ ತಾತ, ಅದರಮ್ಮನ್ನ ಕೇಳಿ."

ಆದರೂ ಹಿರಿಯರ ಮಾತು. ಫ್ರೇಮಾ ಕೈ ಅದಲುಬದಲು ಮಾಡಿ, ತೋಳಿಗೆ ತೋಳು ತೊಡರಿಸಿಕೊಂಡು ಮೂರು ಸಲ ಹೆಣಗಾಡಿದಳು. ಮೂರು ಸಲವೂ ಪೆನ್‌ಡ್ರೈವ್ ಜಾರಿತು. ಅವಳ ಪಿತ್ತ ನೆತ್ತಿಗೇರಿತು.

"ನಿಮ್ಮ ಪವಿತ್ರ ಬಲಗೈಲಿ ನೀವೇ ಹಿಡ್ಕೊಳ್ಳಿ, ಗುಂಡಿ ನಾನು ಒತ್ತೀನಿ!"

ಹೆಡ್‌ಮಾಸ್ಟರ್ ಉಸಿರು ಬಿಗಿಹಿಡಿದು ಅದುಮಿದರು. ಯಂತ್ರ ತನ್ನ ಕೆಟ್ಟ ತಲೆಯನ್ನು ಬಿಟ್ಟು ಪೆನ್‌ಡ್ರೈವಿನ ಬುದ್ಧಿಯಿಂದಲೇ ಎದ್ದು ಕೂತಿತು. ಪರದೆ ಬೆಳಗಿತು, ಭಾಷಣ ಕಂಡಿತು. ಫ್ರೇಮಾ ಅದನ್ನು ಅವರ ಫೋನಿಗೆ ದಾಟಿಸಿದಳು.

"ನೋಡಿದ್ಯಾ, ಬಲಗೈ ಮಹಿಮೆ!" ಎಂದು ಬೀಗುತ್ತ ಅವರು ಬಲಗೈಯ ಫೋನಿನಲ್ಲಿ ಭಾಷಣ ಓದತೊಡಗಿದರು. ಓದುತ್ತಲೇ ಪೆನ್‌ಡ್ರೈವ್ ಕಿತ್ತು ಅವಳತ್ತ ಚಾಚಿದರು. ಚಾಚಿದ್ದು ಎಡಗೈ.

ಫ್ರೇಮಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ನಿಮ್ಮಮ್ಮ ಇದೇನಾ ಕಲ್ಸಿದ್ದು, ತಾತ?"